ಅಂಕಿಗಳನ್ನೂ ತೂಗಿ ಕೊಳ್ಳಬೇಕು

ಅಂಗಡಿಕಾರನು ಮೂಟೆಯ ಮೇಲೆ ಬರೆದ ತೂಕವನ್ನು ನಂಬಿ ಹಣ ಎಣಿಸುವುದಿಲ್ಲ. ತಕ್ಕಡಿಗೆ ಏರಿಸಿ ನೋಡುತ್ತಾನೆ. ಆ ತಕ್ಕಡಿಗೂ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳಬೇಕೆಂದು ಕಾಯಿದೆಯಿದೆ. ಮಿಲ್ಲಿನ ಕೆಲಸಗಾರನು ಸಂಬಳದ ಚೀಟಿಯಲ್ಲಿ ಹಾಜರಿ ಎಷ್ಟು, ಹೆಚ್ಚಿನ ಗಂಟೆ ಎಷ್ಟು, ಕಡಿತ ಎಷ್ಟು ಎಂದು ಬೆರಳು ಮಡಿಚಿ ನೋಡಿದ ಮೇಲೆಯೇ ಸಹಿ ಹಾಕುತ್ತಾನೆ. ಆದರೆ ಇದೇ ಜನರ ಮುಂದೆ ಸರಕಾರವೋ ಕಂಪನಿಯೋ ಒಂದು ದೊಡ್ಡ ಅಂಕಿಯನ್ನು ಇಟ್ಟರೆ, ಅದನ್ನು ತೂಗಿ ನೋಡುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅಂಕಿ ಎಂದರೆ ಸತ್ಯ, ಲೆಕ್ಕ ಎಂದರೆ ಪಂಡಿತರ ಕೆಲಸ ಎಂಬ ಅಂಜಿಕೆಯಿಂದ ಸುಮ್ಮನಾಗುತ್ತೇವೆ. ಈ ಅಂಜಿಕೆಗೆ ನಮ್ಮ ಜಿಲ್ಲೆ ತೆತ್ತ ಬೆಲೆ ಸಣ್ಣದಲ್ಲ. ಸಂಡೂರಿನ ಗುಡ್ಡಗಳು ಕರಗಿ ಬಂದರು ಸೇರಿದ್ದು ಬರಿ ಯಂತ್ರಗಳ ಬಲದಿಂದಲ್ಲ; ಯಾರೂ ತೂಗಿ ನೋಡದ ಅಂಕಿಗಳ ಮರೆಯಲ್ಲಿ.

ಆದುದರಿಂದ ಈ ವಾರ ಸಂಖ್ಯಾಶಾಸ್ತ್ರದ ಮೊದಲ ಪಾಠವನ್ನೇ ನಮ್ಮ ಓದುಗರ ಮುಂದೆ ಇಡುತ್ತಿದ್ದೇವೆ. ಅಂಕಿಗಳಲ್ಲಿ ಜಾತಿಗಳೆಷ್ಟು, ಒಳ್ಳೆಯ ಅಂಕಿಗೂ ಕೆಟ್ಟ ಅಂಕಿಗೂ ಇರುವ ವ್ಯತ್ಯಾಸವೇನು ಎಂಬಷ್ಟೇ ಇದರ ವಿಷಯ. ಇದಕ್ಕೆ ಕಾಲೇಜಿನ ವಿದ್ಯೆ ಬೇಕಿಲ್ಲ. ಅಂಗಡಿಯ ಮತ್ತು ಮಿಲ್ಲಿನ ಅನುಭವವೇ ಸಾಕು.

ಅಂಕಿಗಳೆಲ್ಲ ನೋಡುವುದಕ್ಕೆ ಒಂದೇ ತರಹ ಇದ್ದರೂ ಅವುಗಳ ಯೋಗ್ಯತೆ ಒಂದೇ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ ಎಂಬವರು 1946ರಲ್ಲಿ ಅವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದೇ ವಿಂಗಡಣೆ ಇಂದಿಗೂ ಪಾಠಪುಸ್ತಕಗಳಲ್ಲಿದೆ. ಮೊದಲನೆಯದು ಹೆಸರಿಗೆ ಬದಲಾಗಿ ನಿಂತ ಅಂಕಿ. ಕೆಲಸಗಾರನ ಟೋಕನ್ ನಂಬರು, ಲಾರಿಯ ನಂಬರು, ರೈಲ್ವೆ ವ್ಯಾಗನ್ನಿನ ನಂಬರು ಈ ಜಾತಿಯವು. 400ನೆಯ ಟೋಕನ್ನಿನವನು 200ನೆಯ ಟೋಕನ್ನಿನವನ ಎರಡರಷ್ಟು ಕೆಲಸಗಾರನಲ್ಲ. ಇಂಥ ಅಂಕಿಗಳನ್ನು ಕೂಡಿಸುವುದರಲ್ಲಿ, ಸರಾಸರಿ ತೆಗೆಯುವುದರಲ್ಲಿ ಅರ್ಥವಿಲ್ಲ. ಒಂದೊಂದು ಗುಂಪಿನಲ್ಲಿ ಎಷ್ಟು ಎಂದು ಎಣಿಸಬಹುದು, ಅಷ್ಟೇ.

ಎರಡನೆಯದು ದರ್ಜೆಯ ಅಂಕಿ. ಹತ್ತಿಯಲ್ಲಿ ಮೊದಲನೆಯ ದರ್ಜೆ, ಎರಡನೆಯ ದರ್ಜೆ, ಮೂರನೆಯ ದರ್ಜೆ ಎನ್ನುತ್ತೇವೆ. ಯಾವುದು ಮೇಲು, ಯಾವುದು ಕೀಳು ಎಂಬುದು ಇದರಿಂದ ತಿಳಿಯುತ್ತದೆ. ಎಷ್ಟು ಮೇಲು ಎಂಬುದು ತಿಳಿಯುವುದಿಲ್ಲ. ಮೂರನೆಯದು ಅಂತರದ ಅಂಕಿ. ಬಳ್ಳಾರಿಯ ಬೇಸಗೆಯಲ್ಲಿ 40 ಡಿಗ್ರಿ, ಚಳಿಗಾಲದ ಬೆಳಗಿನಲ್ಲಿ 20 ಡಿಗ್ರಿ ಎಂದರೆ ನಡುವೆ 20 ಡಿಗ್ರಿ ಅಂತರವಿದೆ ಎನ್ನಬಹುದು. ಬಿಸಿಲು ಎರಡರಷ್ಟಾಯಿತು ಎನ್ನಲಾಗದು, ಏಕೆಂದರೆ ಅಲ್ಲಿ ಸೊನ್ನೆಯೆಂದರೆ ಶಾಖವೇ ಇಲ್ಲವೆಂದು ಅರ್ಥವಲ್ಲ. ನಾಲ್ಕನೆಯದು ಪ್ರಮಾಣದ ಅಂಕಿ. ಟನ್ನು, ರೂಪಾಯಿ, ಗಂಟೆ, ಮೈಲು. ಇಲ್ಲಿ ಸೊನ್ನೆಯೆಂದರೆ ಏನೂ ಇಲ್ಲ. 20 ಟನ್ನು 10 ಟನ್ನಿನ ಎರಡರಷ್ಟೇ. ಕೂಡಿಸು, ಕಳೆ, ಗುಣಿಸು, ಭಾಗಿಸು, ಎಲ್ಲಕ್ಕೂ ಇದು ಒಗ್ಗುತ್ತದೆ.

ಜಾತಿ ತಿಳಿದರೂ ಏನನ್ನು ಅಳೆದದ್ದು ಎಂದು ಕೇಳದಿದ್ದರೆ ಮೋಸಹೋಗಬಹುದು. ನೂಲುವ ಮಿಲ್ಲಿನವರಿಗೆ ಇದು ಚೆನ್ನಾಗಿ ಗೊತ್ತು. 40 ನಂಬರಿನ ನೂಲು 20 ನಂಬರಿನದಕ್ಕಿಂತ ದಪ್ಪವಲ್ಲ, ಸಣ್ಣ. ಒಂದು ಪೌಂಡಿಗೆ 840 ಗಜದ ಎಷ್ಟು ಲಡಿ ಆಗುತ್ತದೆಂಬುದೇ ಆ ನಂಬರು. ತಿಳಿಯದವನು ದೊಡ್ಡ ನಂಬರನ್ನು ನೋಡಿ ದಪ್ಪ ದಾರವೆಂದುಕೊಂಡಾನು.

ಈಗ ನಮ್ಮ ಗುಡ್ಡಗಳ ಕಡೆ ತಿರುಗೋಣ. ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ 1977ರಲ್ಲಿ ಕೆಲಸ ಆರಂಭಿಸಿತು. ಅಂದಿನಿಂದ ಅಲ್ಲಿಯ ದುಡಿಮೆಯೆಲ್ಲ ಎರಡು ಅಂಕಿಗಳಾಗಿ ಹೊರಬೀಳುತ್ತಿದೆ: ಎಷ್ಟು ಟನ್ನು, ಮತ್ತು ಅದರಲ್ಲಿ ಕಬ್ಬಿಣದ ಅಂಶ ಶೇಕಡಾ ಎಷ್ಟು. ಅದಿರಿನ ಬೆಲೆ, ಸರಕಾರಕ್ಕೆ ಸಲ್ಲುವ ರಾಜಧನ, ರಫ್ತಿನ ಸುಂಕ ಎಲ್ಲವೂ ಈ ಎರಡರ ಮೇಲೆಯೇ ನಿಂತಿವೆ. ಎರಡೂ ಪ್ರಮಾಣದ ಅಂಕಿಗಳೇ. ಆದರೆ ಎರಡಕ್ಕೂ ಬೇರೆಬೇರೆ ರೋಗಗಳಿವೆ.

ಟನ್ನಿನ ರೋಗ ನೀರು. ಮಳೆಯಲ್ಲಿ ನೆನೆದ 100 ಟನ್ ಅದಿರಿನಲ್ಲಿ 6 ಟನ್ ನೀರೇ ಇದ್ದರೆ ಒಣ ಅದಿರು 94 ಟನ್ ಮಾತ್ರ. ಗಣಿಯ ಬಾಯಲ್ಲಿ ಹಸಿ ತೂಕ ಬರೆದು, ಕಾರ್ಖಾನೆಯ ಬಾಗಿಲಲ್ಲಿ ಒಣ ತೂಕ ಬರೆದರೆ, ಕಳ್ಳತನವಾಗದೆಯೇ ಕಳುವಾದಂತೆ ತೋರುತ್ತದೆ. ನಿಜವಾಗಿ ಕಳುವಾದದ್ದನ್ನು ನೀರಿನ ಹೆಸರಿನಲ್ಲಿ ಮುಚ್ಚಿಹಾಕಲೂ ಬಹುದು. ಆದುದರಿಂದ ಹಸಿಯೋ ಒಣವೋ ಎಂದು ಹೇಳದ ಟನ್ನು ಅರ್ಧ ಅಂಕಿ.

ಶೇಕಡಾ ಅಂಶದ ರೋಗ ಮಾದರಿ ತೆಗೆಯುವುದರಲ್ಲಿದೆ. ಲಾರಿಯ ಅದಿರನ್ನೆಲ್ಲ ಪ್ರಯೋಗಶಾಲೆಗೆ ಒಯ್ಯಲಾಗುವುದಿಲ್ಲ. ಒಂದು ಹಿಡಿಯನ್ನು ಒಯ್ಯಬೇಕು. ಆ ಹಿಡಿ ಎಲ್ಲಿಂದ ಬಂದಿತು? ಮೇಲಿನ ಗಟ್ಟಿ ಕಲ್ಲನ್ನು ಮಾತ್ರ ಆರಿಸಿದರೆ ಒಂದು ಅಂಕಿ, ಅಡಿಗೆ ಇಳಿದ ಪುಡಿಯನ್ನು ಆರಿಸಿದರೆ ಮತ್ತೊಂದು ಅಂಕಿ. ಸರಿಯಾದ ರೀತಿ ಎಂದರೆ ಅನೇಕ ಕಡೆಗಳಿಂದ ತೆಗೆದು, ಬೆರೆಸಿ, ಗುಪ್ಪೆ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡು ಪಾಲನ್ನು ಇಟ್ಟುಕೊಂಡು ಮತ್ತೆ ಹಾಗೆಯೇ ಮಾಡುತ್ತ ಹೋಗುವುದು. ಕಾಳಿನ ವ್ಯಾಪಾರಿ ಚೀಲದ ಬಾಯಿಯ ಕಾಳನ್ನು ಮಾತ್ರ ನೋಡದೆ, ಕೊಳವೆ ಚುಚ್ಚಿ ನಡುವಿನ ಕಾಳನ್ನು ತೆಗೆದು ನೋಡುವುದು ಇದೇ ನ್ಯಾಯದಿಂದ. ಪ್ರಯೋಗಶಾಲೆಯ ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಕೆಟ್ಟ ಹಿಡಿಯಿಂದ ಒಳ್ಳೆಯ ಅಂಕಿ ಬರುವುದಿಲ್ಲ.

ಈ ಶೇಕಡಾ ಅಂಶದ ಮೇಲೆ ಎಷ್ಟು ಹಣ ನಿಂತಿದೆ ನೋಡಿ. 2022ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಶೇಕಡಾ 58ಕ್ಕಿಂತ ಕಡಿಮೆ ಅಂಶದ ಅದಿರಿಗೆ ರಫ್ತು ಸುಂಕವಿಲ್ಲವೆಂದೂ, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇಕಡಾ 30 ಸುಂಕವೆಂದೂ ಗೊತ್ತುಮಾಡಿತು. ಅಂದರೆ ಒಂದು ಹಿಡಿ ಅದಿರಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ಹಡಗಿನ ಬೆಲೆಯ ಸುಮಾರು ಮೂರನೆಯ ಒಂದು ಪಾಲು ಅತ್ತಲೋ ಇತ್ತಲೋ ವಾಲುತ್ತದೆ. ಎಲ್ಲಿ ಗೆರೆಯ ಎರಡು ಬದಿಯಲ್ಲಿ ಇಷ್ಟು ಹಣವಿದೆಯೋ ಅಲ್ಲಿ ಅಳೆಯುವ ಕೈಯ ಮೇಲೆ ಕಣ್ಣಿಡುವುದು ಅಗತ್ಯ.

ಸರಾಸರಿಯ ಕೈಚಳಕವೂ ಇಲ್ಲಿಯೇ ನಡೆಯುತ್ತದೆ. ಶೇಕಡಾ 64 ಅಂಶದ 1,000 ಟನ್ನು, ಶೇಕಡಾ 56 ಅಂಶದ 3,000 ಟನ್ನು ಬೆರೆತವೆಂದು ಇಟ್ಟುಕೊಳ್ಳಿ. 64ನ್ನೂ 56ನ್ನೂ ಕೂಡಿ ಎರಡರಿಂದ ಭಾಗಿಸಿದರೆ 60 ಬರುತ್ತದೆ. ಅದು ತಪ್ಪು. ಮೊದಲ ರಾಶಿಯಲ್ಲಿ 640 ಟನ್ ಕಬ್ಬಿಣ, ಎರಡನೆಯದರಲ್ಲಿ 1,680 ಟನ್, ಒಟ್ಟು 2,320. ಇದನ್ನು 4,000ದಿಂದ ಭಾಗಿಸಿದರೆ ಶೇಕಡಾ 58. ಸಣ್ಣಕ್ಕಿಗೆ ದಪ್ಪಕ್ಕಿ ಬೆರೆಸಿದಾಗ ಬೆಲೆ ಕಟ್ಟುವ ಅಂಗಡಿಕಾರನು ಈ ತಪ್ಪನ್ನು ಎಂದೂ ಮಾಡಲಾರ. ದೊಡ್ಡವರ ವರದಿಗಳಲ್ಲಿ ಈ ತಪ್ಪು ಕಂಡಾಗ ಅವನು ಕೇಳದೆ ಬಿಡಬಾರದು.

ಪ್ರಮಾಣದ ಅಂಕಿಯನ್ನು ದರ್ಜೆಯಾಗಿ ಮಾರ್ಪಡಿಸಿದರೆ ಏನಾಗುತ್ತದೆಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ 166 ಗುತ್ತಿಗೆಗಳ ನೆಲವನ್ನು ಅಳೆಸಿ, ಅವುಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಲಾಯಿತು: 45 ಎ, 72 ಬಿ, 49 ಸಿ. ಗುತ್ತಿಗೆಯ ಗಡಿಯಾಚೆ ಅಗೆದದ್ದು ಗುತ್ತಿಗೆ ನೆಲದ ಶೇಕಡಾ 10ರವರೆಗೆ, ಮಣ್ಣು ಸುರಿದದ್ದು ಶೇಕಡಾ 15ರವರೆಗೆ ಇದ್ದರೆ ಬಿ. ಅದನ್ನು ಮೀರಿದರೆ ಸಿ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದವೆಲ್ಲ ರದ್ದಾದವು.

ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ನ್ಯಾಯಾಲಯ ಎಳೆದದ್ದು ಸರಿಯೇ. ಅಂದು ಮೊದಲು ನೆಲವನ್ನು ಅಳೆದು ಆಮೇಲೆ ದರ್ಜೆ ಕೊಟ್ಟದ್ದರಿಂದಲೇ ಆ ದರ್ಜೆಗೆ ಬೆಲೆ ಬಂದಿತು. ಆದರೆ ನಾವು ತಿಳಿಯಬೇಕಾದದ್ದು ಇಷ್ಟು: ಬಿ ಎಂಬ ಒಂದೇ ಅಕ್ಷರದೊಳಗೆ ಶೇಕಡಾ 1ರಷ್ಟು ಗಡಿ ದಾಟಿದವನೂ ಇದ್ದಾನೆ, ಶೇಕಡಾ 10ರಷ್ಟು ದಾಟಿದವನೂ ಇದ್ದಾನೆ. ಅಕ್ಷರವನ್ನು ಮಾತ್ರ ನೆನಪಿಟ್ಟು ಅಳತೆಯನ್ನು ಮರೆತರೆ ಇಬ್ಬರೂ ಒಂದೇ ಆಗುತ್ತಾರೆ. ದರ್ಜೆ ಹೇಳುವಾಗಲೆಲ್ಲ ಅದರ ಹಿಂದಿನ ಅಳತೆಯನ್ನೂ ಹೇಳಬೇಕು. ಗಣಿಬಾಧಿತ ಹಳ್ಳಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. 2015ರ ಕಾಯಿದೆಯಂತೆ ಆದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಹಂಚುವಾಗ ನೇರವಾಗಿ ಬಾಧಿತ, ಪರೋಕ್ಷವಾಗಿ ಬಾಧಿತ ಎಂದು ಊರುಗಳನ್ನು ಎರಡು ಮಾಡುತ್ತಾರೆ. ಒಂದು ಊರು ಯಾವ ಪಟ್ಟಿಗೆ ಸೇರಿತು ಎಂಬುದರ ಮೇಲೆ ಅದರ ಕುಡಿಯುವ ನೀರು, ಆಸ್ಪತ್ರೆ, ಶಾಲೆ ನಿಂತಿವೆ. ದೂಳನ್ನು ಅಳೆದು ಪಟ್ಟಿ ಮಾಡಿದರೋ, ನಕ್ಷೆಯ ಮೇಲೆ ಗೆರೆ ಎಳೆದು ಮಾಡಿದರೋ ಎಂದು ಆ ಊರಿನವರು ಕೇಳುವುದು ನ್ಯಾಯವಾದ ಪ್ರಶ್ನೆ.

ಇನ್ನು ಅಂಕಿಯ ಗುಣದ ವಿಚಾರ. ಒಳ್ಳೆಯ ಅಂಕಿಗೆ ಕೆಲವು ಲಕ್ಷಣಗಳಿವೆ: ಅದು ನಿಜಕ್ಕೆ ಹತ್ತಿರವಿರಬೇಕು, ಪೂರ್ತಿಯಾಗಿರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ನಿನ್ನೆಯದಕ್ಕೂ ಇಂದಿನದಕ್ಕೂ ಒಂದೇ ಅರ್ಥವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬರೆದವನಿಗೆ ಅದರಲ್ಲಿ ಲಾಭವಿದ್ದರೆ ಬೇರೊಬ್ಬನು ಅದನ್ನು ತಾಳೆ ನೋಡಿರಬೇಕು.

ಗಣಿ ಲೂಟಿ ಬಯಲಾದದ್ದು ಈ ತಾಳೆಯಿಂದಲೇ ಎಂಬುದನ್ನು ನಮ್ಮ ಓದುಗರು ಮರೆಯಬಾರದು. ಪರವಾನಗಿ ಚೀಟಿಗಳಲ್ಲಿ ಒಂದು ಲೆಕ್ಕವಿತ್ತು. ಬಂದರುಗಳಲ್ಲಿ ಹಡಗು ಏರಿದ ಅದಿರಿನದು ಇನ್ನೊಂದು ಲೆಕ್ಕವಿತ್ತು. ಎರಡೂ ಸರಕಾರದ ಕಾಗದಗಳೇ. ಆದರೆ ಬರೆದ ಕೈಗಳು ಬೇರೆ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯು ಇವೆರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿತು. 2006ರಿಂದ 2010ರವರೆಗೆ ಅಕ್ರಮವಾಗಿ ಹೊರಟ ಅದಿರು ಸುಮಾರು 2.98 ಕೋಟಿ ಟನ್, ಅದರ ಬೆಲೆ 12,228 ಕೋಟಿ ರೂಪಾಯಿ ಎಂದು ಆ ವರದಿ ಲೆಕ್ಕ ಕಟ್ಟಿತು. ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಮುಟ್ಟುಗೋಲು ಹಾಕಿದ್ದ ಅದಿರೇ ಲಕ್ಷಾಂತರ ಟನ್ ಕಾಣೆಯಾದದ್ದು ಗೊತ್ತಾದದ್ದೂ ಕಾಗದದ ಲೆಕ್ಕವನ್ನು ನೆಲದ ಮೇಲಿನ ರಾಶಿಯೊಡನೆ ಹೋಲಿಸಿದಾಗಲೇ. ಪರವಾನಗಿ ಪುಸ್ತಕ ಒಂದನ್ನೇ ನೋಡಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಪುಸ್ತಕದೊಳಗೆ ಬರೆಯದ ಲಾರಿ ಪುಸ್ತಕದಲ್ಲಿ ಕಾಣುವುದು ಹೇಗೆ?

ಇದು ಹೊಸ ಬುದ್ಧಿಯೇನೂ ಅಲ್ಲ. 1931ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಲನೋಬಿಸರು ಸಮೀಕ್ಷೆಗಳಲ್ಲಿ ಒಂದೇ ಪ್ರದೇಶಕ್ಕೆ ಪ್ರತ್ಯೇಕ ಮಾದರಿಗಳನ್ನು ಆರಿಸಿ, ಪ್ರತ್ಯೇಕ ತಂಡಗಳನ್ನು ಕಳುಹಿಸಿ, ತಂಡಗಳ ಫಲಿತಾಂಶಗಳನ್ನು ಹೋಲಿಸುವ ಪದ್ಧತಿಯನ್ನು ತಂದಿದ್ದರು. ಇಬ್ಬರ ಅಂಕಿ ಹತ್ತಿರವಿದ್ದರೆ ನಂಬಿಕೆ, ದೂರವಿದ್ದರೆ ವಿಚಾರಣೆ. ಬಡ ದೇಶಕ್ಕೆ ತಕ್ಕ ಅಗ್ಗದ, ಪ್ರಾಮಾಣಿಕ ಉಪಾಯವದು.

ಅಳೆಯುವವನು ಕಳ್ಳನಲ್ಲದಿದ್ದರೂ ಅಳತೆ ತಪ್ಪಬಹುದು. ನಮ್ಮ ತುಂಗಭದ್ರಾ ಜಲಾಶಯವನ್ನೇ ನೋಡಿ. 1953ರಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬುತ್ತ ಬಂದು 2008ರ ಸಮೀಕ್ಷೆಯಲ್ಲಿ 100.855 ಟಿಎಂಸಿ ಎಂದು ಕಂಡಿತು. 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿ ಎಂದಾಯಿತು! ದೊಡ್ಡದಾಗಿ ಹೂಳು ತೆಗೆದ ಕೆಲಸ ನಡುವೆ ನಡೆಯಲಿಲ್ಲ. ಹಾಗಾದರೆ ಹೆಚ್ಚಿದ ಸುಮಾರು 5 ಟಿಎಂಸಿ ಜಲಾಶಯದಲ್ಲಿ ಹುಟ್ಟಿದ್ದಲ್ಲ, ಅಳತೆಯಲ್ಲಿ ಹುಟ್ಟಿದ್ದು ಎಂದೇ ತಿಳಿಯಬೇಕಾಗುತ್ತದೆ. ದಶಾಂಶದ ಮುಂದೆ ಮೂರು ಸ್ಥಾನ ಬರೆದ ಮಾತ್ರಕ್ಕೆ ಅಂಕಿ ನಿಖರವಾಗುವುದಿಲ್ಲ. ಆದರೂ ಕಾಲುವೆಯ ಕೊನೆಯ ರೈತನಿಗೆ ಎಷ್ಟು ನೀರೆಂಬುದು ಈ ಕೋಷ್ಟಕದ ಮೇಲೆಯೇ ತೀರ್ಮಾನವಾಗುತ್ತದೆ.

ಒಂದೇ ಹೆಸರು ಎರಡು ಕಾಲದಲ್ಲಿ ಎರಡು ವಸ್ತುವಾಗುವುದೂ ಉಂಟು. "ಬಳ್ಳಾರಿ ಜಿಲ್ಲೆ" ಎಂಬ ಎರಡು ಶಬ್ದಗಳನ್ನು ತೆಗೆದುಕೊಳ್ಳಿ. 1951ರ ಜನಗಣತಿಯ ಬಳ್ಳಾರಿ ಮದರಾಸು ರಾಜ್ಯದ್ದು. ಅದರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳಿದ್ದವು. 1953ರ ಅಕ್ಟೋಬರ್ 1ರಂದು ಆ ಮೂರು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂದಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಹಿಂತಿರುಗಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆ ಬೇರೆಯಾಯಿತು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. ಹೀಗಿರುವಲ್ಲಿ 2011ರ ಬಳ್ಳಾರಿಯನ್ನು ಇಂದಿನ ಬಳ್ಳಾರಿಯೊಡನೆ ಹೋಲಿಸಿ ಜನ ಕಡಿಮೆಯಾದರು, ಶಾಲೆಗಳು ಕಡಿಮೆಯಾದವು, ತಲಾ ಆದಾಯ ಏರಿತು ಎಂದು ಭಾಷಣ ಮಾಡುವವರ ಮಾತನ್ನು ನಿಲ್ಲಿಸಿ, "ಸ್ವಾಮಿ, ಯಾವ ಬಳ್ಳಾರಿ?" ಎಂದು ಕೇಳಬೇಕು.

ದೋಣಿಮಲೈಯ ಉತ್ಪಾದನೆಯ ಅಂಕಿಗೂ ಇದೇ ಮಾತು. ಗುತ್ತಿಗೆ ನವೀಕರಣದ ವಿಷಯದಲ್ಲಿ ರಾಜ್ಯ ಸರಕಾರಕ್ಕೂ ನಿಗಮಕ್ಕೂ ಬಂದ ತಕರಾರಿನಿಂದ ಆ ಗಣಿ 2018ರ ನವೆಂಬರಿನಲ್ಲಿ ನಿಂತು, 2021ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಗಣಿ ನಿಂತ ವರ್ಷದ ಅಂಕಿಯನ್ನು ಆಧಾರವಾಗಿಟ್ಟು ಮುಂದಿನ ವರ್ಷ ಅದ್ಭುತ ಪ್ರಗತಿಯಾಯಿತು ಎನ್ನುವುದೂ, ನಿಂತ ಕಾಲದ ಅಂಕಿಯನ್ನು ತೋರಿಸಿ ಕೆಲಸಗಾರರ ದುಡಿಮೆ ಕುಗ್ಗಿತು ಎನ್ನುವುದೂ ಎರಡೂ ಅನ್ಯಾಯ. ಅಂಕಿ ಸುಳ್ಳಲ್ಲ, ಅದರ ಪಕ್ಕದಲ್ಲಿ ಕಾರಣ ಬರೆಯದಿದ್ದದ್ದು ಸುಳ್ಳು.

ಮಿಲ್ಲಿನ ಗೆಳೆಯರಿಗೆ ನೇರವಾಗಿ ತಟ್ಟುವ ಅಂಕಿಯೆಂದರೆ ಕೈಗಾರಿಕಾ ಕೆಲಸಗಾರರ ಬೆಲೆ ಸೂಚ್ಯಂಕ. ಅನೇಕರ ತುಟ್ಟಿಭತ್ಯೆ ಇದರ ಮೇಲಿದೆ. 2020ರ ಆಗಸ್ಟಿನಲ್ಲಿ ಅದು 338 ಇತ್ತು, ಸೆಪ್ಟೆಂಬರಿನಲ್ಲಿ 118.1 ಆಯಿತು. ಬೆಲೆಗಳು ಇಳಿದವೇ? ಇಲ್ಲ. ಆಧಾರ ವರ್ಷ 2001ರಿಂದ 2016ಕ್ಕೆ ಬದಲಾಯಿತು. ಹೊಸ ಅಂಕಿಯನ್ನು 2.88ರಿಂದ ಗುಣಿಸಿದರೆ ಮಾತ್ರ ಹಳೆಯದರೊಡನೆ ಹೋಲಿಸಬಹುದು. ಹಾಗೆ ಗುಣಿಸಿದರೆ ಸುಮಾರು 340 ಬರುತ್ತದೆ. ಅಂದರೆ ಬೆಲೆ ಏರಿತ್ತು. ಅದೇ ಸಮಯದಲ್ಲಿ ಲೆಕ್ಕದ ಬುಟ್ಟಿಯಲ್ಲಿ ಆಹಾರದ ತೂಕವೂ ಶೇಕಡಾ 46ರಿಂದ ಸುಮಾರು 39ಕ್ಕೆ ಇಳಿಯಿತು. ಹೊಟ್ಟೆಗೇ ಸಂಬಳದ ಅರ್ಧ ಖರ್ಚು ಮಾಡುವ ಮನೆಗೆ ಅಕ್ಕಿ-ಬೇಳೆ ತುಟ್ಟಿಯಾದಾಗ ಈ ಸೂಚ್ಯಂಕ ಅದರ ಸಂಕಟವನ್ನು ಪೂರ್ತಿಯಾಗಿ ಹೇಳಲಾರದು. ಸೂಚ್ಯಂಕವು 88 ಕೇಂದ್ರಗಳ ಅಂಗಡಿಗಳ ದರಗಳಿಂದ ಕಟ್ಟಿದ ಸರಾಸರಿ. ಯಾವುದೇ ಒಂದು ಮನೆಯ ಲೆಕ್ಕವಲ್ಲ.

ಕೊನೆಯದಾಗಿ, ಬಾರದ ಅಂಕಿಯ ಮಾತು. ತಪ್ಪು ಅಂಕಿಗಿಂತ ಇಲ್ಲದ ಅಂಕಿ ಕೆಲವೊಮ್ಮೆ ಹೆಚ್ಚು ಕೇಡು ಮಾಡುತ್ತದೆ. ಮನೆಗಳ ಖರ್ಚುವೆಚ್ಚದ 2017-18ರ ಸಮೀಕ್ಷೆಯ ಫಲಿತಾಂಶವನ್ನು ಅಂಕಿಅಂಶದ ಗುಣ ಸರಿಯಿಲ್ಲವೆಂದು ಹೇಳಿ ಕೇಂದ್ರ ಸರಕಾರ 2019ರ ನವೆಂಬರಿನಲ್ಲಿ ತಡೆಹಿಡಿಯಿತು. ಗುಣ ಸರಿಯಿಲ್ಲದಿದ್ದರೆ ಯಾವ ಭಾಗ, ಏಕೆ, ಎಷ್ಟು ಎಂದು ತೋರಿಸಿ ಪ್ರಕಟಿಸುವುದೇ ಶಾಸ್ತ್ರದ ಮಾರ್ಗ; ಬೀಗ ಹಾಕುವುದಲ್ಲ. 2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಎಂದು 2025ರ ಜೂನಿನಲ್ಲಿ ಗೊತ್ತುಮಾಡಲಾಯಿತು. 2013ರ ಆಹಾರ ಭದ್ರತಾ ಕಾಯಿದೆಯ ಪಡಿತರಕ್ಕೆ 2011ರ ತಲೆಯೆಣಿಕೆಯೇ ಆಧಾರವಾಗಿ ಉಳಿಯಿತು. ಆಮೇಲೆ ಹುಟ್ಟಿದ ಕೂಸಿಗೆ ಹಸಿವುಂಟು, ಆ ಲೆಕ್ಕದಲ್ಲಿ ಸ್ಥಾನವಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಪ್ರತಿಯೊಂದು ಗಣಿಯ ತೂಕ ಮತ್ತು ಅಂಶದ ಅಂಕಿಗಳನ್ನು, ಹಸಿಯೋ ಒಣವೋ ಎಂದು ನಮೂದಿಸಿ, ಆಯಾ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಪ್ರತಿ ತಿಂಗಳೂ ಹಾಕಬೇಕು. ದರ್ಜೆ ಹೇಳಿದಲ್ಲಿ ಅಳತೆಯನ್ನೂ ಹೇಳಬೇಕು. ಜಿಲ್ಲೆಯ ಗಡಿ ಬದಲಾದಾಗ ಹಳೆಯ ಅಂಕಿಗಳನ್ನು ತಾಲ್ಲೂಕುವಾರು ಬಿಡಿಸಿ ಹೊಸ ಗಡಿಗೆ ಹೊಂದಿಸಿ ಪ್ರಕಟಿಸಬೇಕು. ಕೂಡಿಸಿದ ಅಂಕಿಯನ್ನು, ಅದು ಸರಕಾರಕ್ಕೆ ಹಿತವಾಗಿರಲಿ ಅಹಿತವಾಗಿರಲಿ, ಮುಚ್ಚಿಡಕೂಡದು.

ಬೇಡಿಕೆಯೊಂದರಿಂದಲೇ ಕೆಲಸವಾಗದು, ನಮ್ಮ ಪಾಲಿನದನ್ನು ನಾವೂ ಮಾಡಬೇಕು. ಪ್ರತಿಯೊಂದು ಯೂನಿಯನ್ನೂ ಪ್ರತಿಯೊಂದು ವರ್ತಕರ ಸಂಘವೂ ಒಂದು ದರದ ಪುಸ್ತಕ ಇಡಲಿ. ತಿಂಗಳಿಗೊಮ್ಮೆ, ಒಂದೇ ತಾರೀಕಿನಂದು, ಅವೇ ಐದಾರು ಅಂಗಡಿಗಳಲ್ಲಿ, ಅದೇ ಜಾತಿಯ ಅಕ್ಕಿ, ಜೋಳ, ಬೇಳೆ, ಎಣ್ಣೆಯ ದರವನ್ನು ಇಬ್ಬರು ಬೇರೆಬೇರೆಯಾಗಿ ಬರೆದು ತಾಳೆ ನೋಡಲಿ. ಸಂಬಳದ ಮಾತುಕತೆಗೆ ಕುಳಿತಾಗ ಈ ಪುಸ್ತಕವೇ ನಮ್ಮ ಸಾಕ್ಷಿ. ಯಾವ ಅಂಕಿ ಬಂದರೂ ಐದು ಮಾತು ಕೇಳುವ ಅಭ್ಯಾಸವಾಗಲಿ: ಇದು ಹೆಸರೋ, ದರ್ಜೆಯೋ, ಅಳತೆಯೋ? ಅಳೆದವರು ಯಾರು? ಅವರಿಗೆ ಇದರಲ್ಲಿ ಲಾಭವೇನು? ಇದರಲ್ಲಿ ಸೇರದೆ ಉಳಿದದ್ದು ಯಾವುದು? ಯಾವುದರೊಡನೆ ಹೋಲಿಸಿ ಹೇಳುತ್ತಿದ್ದಾರೆ?

ಲಾರಿ, ಯಂತ್ರ, ಹಡಗು ಉಳ್ಳವರ ಕೈಯಲ್ಲಿವೆ. ಲೆಕ್ಕ ಕೇಳುವ ಹಕ್ಕು ದುಡಿಯುವವರ ಕೈಯಲ್ಲಿದೆ. ಅದನ್ನು ಬಳಸಲು ಕಲಿಯೋಣ.